ಹೊಳೆಬದಿ ಗಿಡಗಳಿಗೆ ಬಲಿತ ಕಡ್ಡಿಯೇ ಸಾಕು

ಹೊಳೆದಂಡೆಗೆ ನೀರಂಜಿ ಮರ, ಲಕ್ಕಿ ಗಿಡ ಬೇಕು ಅನ್ನುವವರು ಬೀಜಕ್ಕೆ ಕಾಯಬೇಕಾಗಿಲ್ಲ. ಹೊಸ ಚಿಗುರು ಒಡೆಯುವ ಮೊದಲು ಪೆನ್ಸಿಲ್ ದಪ್ಪದ ಬಲಿತ ಕಡ್ಡಿಯನ್ನು ಗೇಣುದ್ದ ಕತ್ತರಿಸಿ. ಬುಡದ ಕಡೆ ಗೆಣ್ಣಿನ ಕೆಳಗೆ ಓರೆಯಾಗಿ, ತುದಿ ಕಡೆ ನೇರವಾಗಿ. ಆಗ ತಲೆಕೆಳಗಾಗಿ ನೆಡುವ ಭಯವಿಲ್ಲ. ಕಾಫಿ ಸಸಿ ಬೆಳೆಸುವ ಪಾಲಿಥಿನ್ ಚೀಲದಲ್ಲೇ ನೆಡಬಹುದು, ಮೂರರಲ್ಲಿ ಎರಡು ಪಾಲು ಮಣ್ಣೊಳಗಿರಲಿ. ನೆರಳಲ್ಲಿಡಿ, ತೇವ ಆರಬಾರದು.

ಎಲೆ ಬಂತು ಅಂತ ಕೂಡಲೇ ಹೊಳೆಗೆ ಒಯ್ಯಬೇಡಿ. ಎಷ್ಟೋ ಸಲ ಕಡ್ಡಿಯೊಳಗಿನ ಶಕ್ತಿಯಲ್ಲೇ ಚಿಗುರು ಬಂದಿರುತ್ತದೆ, ಬೇರು ಇನ್ನೂ ಇರುವುದಿಲ್ಲ. ಸುಮ್ನೆ ಎಳೆದು ನೋಡಲೂಬೇಡಿ. ಚೀಲದ ತೂತಿನಲ್ಲಿ ಬಿಳಿ ಬೇರು ಇಣುಕಿದ ಮೇಲೆ ನೆಡಿ.

ಇನ್ನೊಂದು ಮುಖ್ಯ ವಿಷಯ. ನೀರಂಜಿಯಲ್ಲಿ ಗಂಡು, ಹೆಣ್ಣು ಮರ ಬೇರೆ ಬೇರೆ. ಒಂದೇ ಮರದ ಕಡ್ಡಿಗಳನ್ನೇ ನೆಟ್ಟರೆ ಎಲ್ಲವೂ ಗಂಡೇ ಅಥವಾ ಎಲ್ಲವೂ ಹೆಣ್ಣೇ ಆಗುತ್ತವೆ, ಅವುಗಳಷ್ಟರಿಂದಲೇ ಬೀಜ ಕಟ್ಟುವುದಿಲ್ಲ. ದಯವಿಟ್ಟು ಕಾವೇರಿ ದಂಡೆಯ ನಾಲ್ಕಾರು ಮರಗಳಿಂದ ಸ್ವಲ್ಪ ಸ್ವಲ್ಪವೇ ತನ್ನಿ.