ಹತ್ಸುನೆ ಮಿಕುವಿನ ಜಪಾನಿ ಧ್ವನಿಯಲ್ಲಿ ಕನ್ನಡ ಹಾಡಿಸುವುದು

ರಾಗ, ಸಾಹಿತ್ಯ ತುಂಬಿದರೆ ಹಾಡುವ ತಂತ್ರಾಂಶವಾದ ಯಮಾಹಾದ ವೋಕಲಾಯ್ಡ್ ಎಂಜಿನ್ನಿಗೆ ಮೊದಲ ಧ್ವನಿಗಳು ಬಂದದ್ದು ಬ್ರಿಟನ್ನಿನ ಜೀರೋ-ಜಿ ಕಂಪನಿಯಿಂದ: 2004ರಲ್ಲಿ, ಲಿಯಾನ್ ಮತ್ತು ಲೋಲಾ, ಎರಡೂ ಇಂಗ್ಲಿಷಿನವು. ಅದೇ ವರ್ಷ ಸಪ್ಪೊರೊದ ಕ್ರಿಪ್ಟನ್ ಫ್ಯೂಚರ್ ಮೀಡಿಯಾ ಮೆಯ್ಕೊವನ್ನು ಹೊರತಂದು ಜಪಾನಿಗೆ ದಾರಿ ತೆರೆಯಿತು. 2007ರ ಆಗಸ್ಟ್ 31ರಂದು ಅದೇ ಕಂಪನಿಯಿಂದ ಹತ್ಸುನೆ ಮಿಕು ಎಂಬ ಜಪಾನಿ ಧ್ವನಿ ಬಂತು. ಧ್ವನಿ ಕಲಾವಿದೆ ಸಾಕಿ ಫುಜಿತಾ ಅವರದು. ಕ್ರಿಪ್ಟನ್ ಆಗಲೇ ಈ ಧ್ವನಿಗೆ ಎ3ಯಿಂದ ಇ5 ಶ್ರುತಿ, 70ರಿಂದ 150 ಬಿಪಿಎಂ (ನಿಮಿಷಕ್ಕಿಷ್ಟು ಬೀಟ್) ವೇಗ ಎಂದು ಸೂಚಿಸಿತ್ತು. ರಾಗ ಕೂಡಿಸುವಾಗ ಮೊದಲು ಅದನ್ನೇ ನೋಡಿಕೊಳ್ಳಿ.

ಕನ್ನಡದ ಪದಗಳು ಹೆಚ್ಚಾಗಿ ಸ್ವರದಲ್ಲಿ ಮುಗಿಯುವುದು ನಮಗೆ ದೊಡ್ಡ ಅನುಕೂಲ. ‘ಕನಸು’ ಎಂದರೆ ಮೂರು ನೋಟ್: ಕ, ನ, ಸು. ಒಂದೊಂದರಲ್ಲೂ ಜಪಾನಿ ಲಿಪಿಯಾದ ಹಿರಗಾನದ ಅಕ್ಷರ ತುಂಬಿ. ದೀರ್ಘಕ್ಕೆ ಬೇರೆ ಅಕ್ಷರ ಬೇಡ, ನೋಟ್ ಉದ್ದ ಮಾಡಿದರೆ ಸಾಕು. ನೋಟ್ ಶುರುವಾಗುವಲ್ಲಿ ಸ್ವರ ಬೀಳುತ್ತದೆ, ವ್ಯಂಜನ ಅದಕ್ಕಿಂತ ತುಸು ಮೊದಲೇ ಕೇಳುತ್ತದೆ. ಹಾಗಾಗಿ ಹಾಡಿನ ಮೊದಲ ನೋಟ್‌ಗೆ ಮುಂಚೆ ಖಾಲಿ ಜಾಗ ಬಿಡಿ.

ತೊಡಕೆಲ್ಲ ಒತ್ತಕ್ಷರದಲ್ಲಿ. ‘ಅಕ್ಕ’ಕ್ಕೆ ಅ, ಕ ನೋಟ್‌ಗಳ ನಡುವೆ 120 ಬಿಪಿಎಂನಲ್ಲಿ ಬೀಟ್‌ನ ಎಂಟನೇ ಒಂದು ಭಾಗ ಖಾಲಿ ಬಿಡಿ (ಸುಮಾರು 62 ಮಿಲಿಸೆಕೆಂಡ್), ಕೇಳಿ ಹೆಚ್ಚಿಸಿ. ‘ತಪಸ್ಸು’ವಿಗೆ ಹೀಗೆ ಮಾಡಿದರೆ ಪದ ತುಂಡಾಗುತ್ತದೆ, ಏಕೆಂದರೆ ‘ಸ್ಸ’ದಲ್ಲಿ ಗಾಳಿ ನಿಲ್ಲುವುದೇ ಇಲ್ಲ. ಅಲ್ಲಿ ‘ಸು’ವಿನ ವೆಲಾಸಿಟಿಯನ್ನು (ವ್ಯಂಜನ ಎಷ್ಟು ಚುರುಕಾಗಿ ಮುಗಿಯಬೇಕೆಂಬ ಅಂಕ) 64ರಿಂದ 30ರ ಹತ್ತಿರಕ್ಕೆ ಇಳಿಸಿ, ವ್ಯಂಜನ ತಾನೇ ಹಿಗ್ಗುತ್ತದೆ. ‘ಅನ್ನ’, ‘ಅಮ್ಮ’ಗಳಿಗೆ ನಡುವೆ ಜಪಾನಿಯ ‘ನ್’ ಅಕ್ಷರಕ್ಕೊಂದು ಚಿಕ್ಕ ನೋಟ್ ಕೊಡಿ.

ಲ, ಳ ಎರಡೂ ಜಪಾನಿ ಧ್ವನಿ ಬ್ಯಾಂಕಿನಲ್ಲಿಲ್ಲ (ಬ್ಯಾಂಕ್ ಎಂದರೆ ಧ್ವನಿಯ ತುಣುಕುಗಳ ಸಂಗ್ರಹ). ‘ಮನೆಗಳು’ ‘ಮನೆಗರು’ ಆಗಿಬಿಡುತ್ತದೆ. ಟ, ಡಗಳೂ ತ, ದಗಳತ್ತ ಜಾರುತ್ತವೆ. ಇದಕ್ಕೆ ನಾಬ್ ತಿರುಗಿಸಿ ಫಲವಿಲ್ಲ. ಸಾಹಿತ್ಯ ಬರೆಯುವಾಗಲೇ ಆ ಅಕ್ಷರಗಳನ್ನು ಉದ್ದನೆಯ ಸ್ವರದ ಮೇಲೆ ತರಬೇಡಿ. 2013ರ ಇಂಗ್ಲಿಷ್ ಮಿಕು ಬ್ಯಾಂಕಿನಲ್ಲಿ ‘ಲ’ ಸಿಗುತ್ತದೆ.

ಗಮಕಕ್ಕೆ ಪಿಚ್ ಬೆಂಡ್ ರೇಖೆಯನ್ನು (ಶ್ರುತಿಯನ್ನು ಏರಿಸಿ ಇಳಿಸುವ ಗೆರೆ) ಕೈಯಲ್ಲೇ ಎಳೆಯಿರಿ. ಆ ರೇಖೆ ಶ್ರುತಿಯನ್ನು ಎಷ್ಟು ಬಾಗಿಸಬಹುದೆಂಬ ಸೆನ್ಸಿಟಿವಿಟಿ 2 ಇದ್ದಾಗ ಸುಮಾರು 4096 ಅಂಕಕ್ಕೆ ಅರ್ಧ ಸ್ವರದ ಏರಿಕೆ. ಸಿದ್ಧ ವೈಬ್ರೇಟೊ ಸಮನಾಗಿ ನಡುಗುವುದರಿಂದ ಕಂಪಿತ ಎಂಬ ಓಲಾಡುವ ಗಮಕಕ್ಕೆ ಒಗ್ಗುವುದಿಲ್ಲ. ಒಂದೊಂದು ಓಲಾಟದ ಅಗಲವನ್ನೂ ಬೇರೆ ಬೇರೆಯಾಗಿಡಿ.