ಬೆಳಗಾವಿಯಿಂದ ಬೆಂಗಳೂರಿಗೆ ವಿಮಾನವೋ, ಕಾರೋ: ನನ್ನ ಲೆಕ್ಕ

ಉದ್ಯಮಬಾಗದಲ್ಲಿ ನಮ್ಮದೊಂದು ಸಣ್ಣ ಮಷೀನ್ ಶಾಪ್. ಫೌಂಡ್ರಿಯಲ್ಲಿ ಎರಕ ಹೊಯ್ದು ಬಂದ ಪಂಪ್ ಬಾಡಿಗಳನ್ನು, ಅಂದರೆ ಪಂಪಿನ ಲೋಹದ ಹೊರಕವಚಗಳನ್ನು, ಮಷೀನಿಂಗ್ ಮಾಡಿ ಪೀಣ್ಯದ ಗಿರಾಕಿಗಳಿಗೆ ಕಳಿಸುತ್ತೇವೆ. ಹಾಗಾಗಿ ಬೆಂಗಳೂರಿನ ಓಡಾಟ ತಪ್ಪಿದ್ದಲ್ಲ. ಸಾಂಬ್ರಾಕ್ಕೆ ಹೋಗಿ ವಿಮಾನ ಹತ್ತುವುದೋ, ಹೈವೇ ಹಿಡಿಯುವುದೋ ಎಂದು ಪ್ರತಿ ಸಲವೂ ಮನೆಯಲ್ಲಿ ವಾದ. ತಮ್ಮ ಯಾವಾಗಲೂ ವಿಮಾನದ ಕಡೆ: "ಅಣ್ಣಾ, ಒಂದ್ ತಾಸಿನ ಹಾದಿಗೆ ಇಡೀ ದಿನ ಯಾಕ ಸ್ಟೇರಿಂಗ್ ಹಿಡ್ಕೊಂಡು ಕುಂದರ್ತಿ?"

ಆ ಒಂದು ತಾಸು ಆಕಾಶದ್ದು ಮಾತ್ರ. ಮನೆಗೆ ಬೀಗ ಹಾಕಿದ ಹೊತ್ತಿನಿಂದ ಗಿರಾಕಿಯ ಮುಂದೆ ಕೂತು ಮಾತು ಶುರುವಾಗುವವರೆಗೆ ಎಷ್ಟು ಹೊತ್ತು ಹಿಡಿಯುತ್ತದೆ ಅನ್ನುವುದು ನನ್ನ ಲೆಕ್ಕ. ಊರು ದಾಟಿ ಸಾಂಬ್ರಾ ಸೇರಲು ಮುಕ್ಕಾಲು ತಾಸು. ಲಗೇಜ್ ಕೊಡುವುದಿದ್ದರೆ ಕೌಂಟರ್ ಒಂದು ತಾಸು ಮೊದಲೇ ಮುಚ್ಚುತ್ತದೆ, ಅದಕ್ಕಿಂತ ಮುಂಚೆ ಅಲ್ಲಿರಬೇಕು. ಇಳಿದ ಮೇಲೆ ಪೆಟ್ಟಿಗೆ ಬರಲು ಅರ್ಧ ತಾಸು, ದೇವನಹಳ್ಳಿಯಿಂದ ಪೀಣ್ಯಕ್ಕೆ ಟ್ರಾಫಿಕ್ ನೋಡಿಕೊಂಡು ಒಂದೂವರೆ ತಾಸು. ಎಲ್ಲ ಸೇರಿ ಐದೂವರೆ ತಾಸು ಹತ್ತಿರ ಬರುತ್ತದೆ. ಕಾರಿನಲ್ಲಿ ಸುಮಾರು 500 ಕಿಲೋಮೀಟರ್, ಹಾವೇರಿ ಕಡೆ ನಾಷ್ಟಾ, ಚಿತ್ರದುರ್ಗದ ಆಸುಪಾಸು ಊಟ ಹಿಡಿದು ಎಂಟೂವರೆ ತಾಸು. ಉಳಿಯುವುದು ಮೂರು ತಾಸು, ಅದೇನೂ ಕಡಿಮೆಯಲ್ಲ. ಆದರೆ ಅದು ಕೈಗೆ ಸಿಗಬೇಕಾದರೆ ಆ ದಿನ ಬೆಳಗಿನ ವಿಮಾನ ಇರಬೇಕು. ಅದಕ್ಕೇ ನಾನು ಟಿಕೆಟ್ ದರಕ್ಕಿಂತ ಮೊದಲು ವಿಮಾನದ ಸಮಯ ನೋಡುತ್ತೇನೆ. ಮಧ್ಯಾಹ್ನ ದಾಟಿ ಇಳಿಸುವುದಾದರೆ ಮೀಟಿಂಗ್ ಮರುದಿನಕ್ಕೆ ಹೋಗುತ್ತದೆ, ಲಾಜ್ ಖರ್ಚು ಬೇರೆ. ಬೆಳಗಿನ ಐದಕ್ಕೆ ಕಾರು ತೆಗೆದರೆ ಅದೇ ದಿನ ಮಧ್ಯಾಹ್ನ ಒಂದೂವರೆಗೆ ಗಿರಾಕಿಯ ಎದುರು ಕೂತಿರುತ್ತೇನೆ.

ಇನ್ನೊಂದು, ಕೆಲಸ ಬೆಂಗಳೂರಿನ ಯಾವ ಮಗ್ಗುಲಲ್ಲಿದೆ ಅನ್ನುವುದು. ನಮ್ಮ ಹೈವೇ ಊರೊಳಗೆ ಹೋಗುವುದೇ ತುಮಕೂರು ರಸ್ತೆಯಿಂದ, ಅಂದರೆ ನೆಲಮಂಗಲ ದಾಟಿದರೆ ಪೀಣ್ಯ. ಸಿಟಿಯ ಟ್ರಾಫಿಕ್ಕಿಗೆ ಸಿಗುವ ಮೊದಲೇ ನನ್ನ ಕೆಲಸ ಬಂದುಬಿಡುತ್ತದೆ. ಯಲಹಂಕ, ಹೆಬ್ಬಾಳದ ಕಡೆ ಕೆಲಸವಿದ್ದರೆ ವಿಮಾನವೇ ಸರಿ. ಎಲೆಕ್ಟ್ರಾನಿಕ್ ಸಿಟಿಗಾದರೆ ಎರಡೂ ಕಷ್ಟ, ಅಲ್ಲಿಗೆ ನಾನು ರಾತ್ರಿ ಬಸ್ಸಿನಲ್ಲಿ ಮಲಗಿಕೊಂಡು ಹೋಗುತ್ತೇನೆ.

ಖರ್ಚಿನಲ್ಲಿ ಎಷ್ಟು ಜನ ಅನ್ನುವುದೇ ಮುಖ್ಯ. ನನ್ನ ಗಾಡಿ ಹೈವೇದಲ್ಲಿ ಲೀಟರಿಗೆ 16 ಕೊಡುತ್ತದೆ, ಒಂದು ಕಡೆಗೆ ಪೆಟ್ರೋಲೇ ಮೂರು ಸಾವಿರ ದಾಟುತ್ತದೆ. ಒಬ್ಬನೇ ಹೋಗುವಾಗ ಮುಂಚಿತವಾಗಿ ತೆಗೆದ ಟಿಕೆಟ್ಟಿಗೂ ಇದಕ್ಕೂ ಬಹಳ ಫರಕು ಬೀಳುವುದಿಲ್ಲ, ಮೂವರಾದರೆ ಕಾರಿನ ಮುಂದೆ ಮಾತೇ ಇಲ್ಲ. 2025ರ ಆಗಸ್ಟಿನಿಂದ ಫಾಸ್ಟ್ಯಾಗ್ ವಾರ್ಷಿಕ ಪಾಸ್ ಬಂದ ಮೇಲಂತೂ ಟೋಲ್ ಹೊರೆ ಇಳಿದಿದೆ. ಆಗ ಕಟ್ಟಿದ್ದು 3,000 ರೂಪಾಯಿ, ಒಂದು ವರ್ಷ ಅಥವಾ 200 ಸಲ ದಾಟುವವರೆಗೆ. ಹಿರೇಬಾಗೇವಾಡಿಯಿಂದ ಹಿಡಿದು ಒಂದೊಂದು ಗೇಟಿಗೆ 15 ರೂಪಾಯಿ ಬಿದ್ದಂಗಾಯ್ತು. ಹಳದಿ ಬೋರ್ಡಿನ ಗಾಡಿಗೆ ಈ ಪಾಸ್ ಇಲ್ಲ.

ಮಳೆಗಾಲದ ಜುಲೈ, ಆಗಸ್ಟಿನಲ್ಲಿ ಸಾಂಬ್ರಾದ ಮೋಡ, ಡಿಸೆಂಬರ್, ಜನವರಿಯಲ್ಲಿ ದೇವನಹಳ್ಳಿಯ ಬೆಳಗಿನ ಮಂಜು. ಬರಬೇಕಾದ ವಿಮಾನವೇ ಅಲ್ಲಿಂದ ಎದ್ದಿರುವುದಿಲ್ಲ, ನಾವಿಲ್ಲಿ ಚಹಾ ಕುಡಿಯುತ್ತ ಕೂಡಬೇಕು. ಆ ದಿನಗಳಲ್ಲಿ ಟೈಮಿಗೆ ಕಟ್ಟುನಿಟ್ಟಾದ ಗಿರಾಕಿಯ ಕೆಲಸವನ್ನು ವಿಮಾನದ ಮೇಲೆ ಬಿಡುವುದಿಲ್ಲ. ಹಾಗಂತ ಕಾರಿನಲ್ಲೂ ರಾತ್ರಿ ಹತ್ತರ ಮೇಲೆ ಓಡಿಸುವುದಿಲ್ಲ. ಲೈಟಿಲ್ಲದೆ ಬದಿಗೆ ನಿಂತ ಲಾರಿಗಳನ್ನು ಕಂಡವರಿಗೆ ಕಾರಣ ಹೇಳಬೇಕಿಲ್ಲ.

ಪುಣೆಗೆ ಈ ಲೆಕ್ಕವೇ ಬೇಡ. ಸುಮಾರು 340 ಕಿಲೋಮೀಟರ್, ದಾರಿಯಲ್ಲಿ ಕೊಲ್ಹಾಪುರದ ಫೌಂಡ್ರಿಗಳೂ ಸಿಗುತ್ತವೆ, ಕಾರೇ. ದಿಲ್ಲಿಗೆ ವಿಮಾನ.

ಕೊನೆಗೆ ನನ್ನನ್ನು ಕಟ್ಟಿಹಾಕುತ್ತಿದ್ದದ್ದು ಸ್ಯಾಂಪಲ್. ಚೆಕ್-ಇನ್ ಲಗೇಜಿಗೆ 15 ಕೆಜಿ, ಕೈಚೀಲಕ್ಕೆ 7. ಎರಡು ಪಂಪ್ ಬಾಡಿ ಇಟ್ಟರೆ ಅಷ್ಟಕ್ಕೇ ಮುಗಿಯಿತು, ಹೆಚ್ಚಿನದಕ್ಕೆ ಕೆಜಿ ಲೆಕ್ಕದಲ್ಲಿ ದುಡ್ಡು. ದಾರಿ ತೋರಿಸಿದವನೂ ತಮ್ಮನೇ: "ಮಾಲು ಬಸ್ಸಿನ್ಯಾಗ ಹೋಗ್ಲಿ, ನೀ ವಿಮಾನದಾಗ ಹೋಗು." ಈಗ ಸ್ಯಾಂಪಲ್ ಪೆಟ್ಟಿಗೆಯನ್ನು ಹಿಂದಿನ ರಾತ್ರಿ ಬಸ್ಸಿಗೆ ಪಾರ್ಸೆಲ್ ಹಾಕುತ್ತೇವೆ. ಗೊರಗುಂಟೆಪಾಳ್ಯದಲ್ಲಿ ಗಿರಾಕಿಯ ಹುಡುಗ ಇಳಿಸಿಕೊಳ್ಳುತ್ತಾನೆ, ನಾನು ಡ್ರಾಯಿಂಗ್ ಇರುವ ಬ್ಯಾಗೊಂದನ್ನೇ ಹಿಡಿದು ಬೆಳಗಿನ ವಿಮಾನ ಹತ್ತುತ್ತೇನೆ.