ರಾಟ್ಸೆಬುರ್ಗ್‌ಗೆ ಹೊಸದಾಗಿ ಬಂದಿದ್ದೀರಾ? ಊರಿನ ಕಥೆಯೂ ಸ್ವಲ್ಪ ತಿಳಿದಿರಲಿ

ಕೆಲಸ ಉತ್ತರ ಜರ್ಮನಿಯ ಲ್ಯೂಬೆಕ್‌ನಲ್ಲಿ, ಮನೆ ಹತ್ತಿರದ ಪುಟ್ಟ ಊರು ರಾಟ್ಸೆಬುರ್ಗ್‌ನಲ್ಲಿ ಅಂತ ತೀರ್ಮಾನ ಮಾಡಿದವರಿಗೆ ಮೊದಲ ಮಾತು: ರೈಲ್ವೆ ಸ್ಟೇಷನ್ ಹಳೇ ಊರಲ್ಲಿಲ್ಲ. ಹಳೇ ಊರು ಸರೋವರಗಳ ನಡುವಿನ ದ್ವೀಪದ ಮೇಲಿದೆ, ಸ್ಟೇಷನ್ ಪಶ್ಚಿಮಕ್ಕೆ ದೂರದಲ್ಲಿದೆ. ಲಗೇಜು, ಮಕ್ಕಳು ಇದ್ದರೆ ಸುಮ್ನೆ ಬಸ್ ಹತ್ತಿ. ಮನೆಗೆ ಬಂದ ಎರಡು ವಾರದೊಳಗೆ ವಿಳಾಸ ನೋಂದಣಿ, ಅಂದರೆ ಆನ್‌ಮೆಲ್ಡುಂಗ್ ಆಗಬೇಕು. ಮನೆ ಮಾಲೀಕರು ಸಹಿ ಹಾಕಿದ ಪತ್ರ ಮರೆಯಬೇಡಿ. ಟ್ಯಾಕ್ಸ್ ನಂಬರ್ ಬರುವುದೂ ಈ ನೋಂದಣಿ ಆದಮೇಲೆಯೇ.

ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ. ಊರು ನೋಡಲು ಅದೇ ಒಳ್ಳೆ ದಿನ.

ಹಳೇ ಊರಿನ ಬೀದಿಗಳು ಸ್ಕೇಲ್ ಇಟ್ಟು ಗೆರೆ ಎಳೆದಷ್ಟು ನೇರ. ಇಷ್ಟು ಹಳೇ ಊರಿಗೆ ಇದು ವಿಚಿತ್ರ, ಅಲ್ವಾ? 1693ರಲ್ಲಿ ಡೆನ್ಮಾರ್ಕ್ ರಾಜ ಐದನೇ ಕ್ರಿಶ್ಚಿಯನ್‌ನ ಸೈನ್ಯ ಫಿರಂಗಿ ಹೊಡೆದು ಊರನ್ನು ಸುಟ್ಟುಹಾಕಿತು. ಇಲ್ಲಿ ಕೋಟೆ ಬಲವಾಗುತ್ತಿದೆ ಎಂಬುದೇ ಅವನ ಸಿಟ್ಟು. ಆಮೇಲೆ ಜರ್ಮನಿಯ ಇನ್ನೊಂದು ಊರಾದ ಮಾನ್‌ಹೈಮ್ ಮಾದರಿಯಲ್ಲಿ ಚೌಕ ಚೌಕವಾಗಿ ಹೊಸದಾಗಿ ಕಟ್ಟಿದರು.

ದ್ವೀಪದ ಉತ್ತರ ತುದಿಯ ಡೋಮ್, ಅಂದರೆ ದೊಡ್ಡ ಚರ್ಚು, ಮಾತ್ರ ಅದಕ್ಕಿಂತ ತುಂಬಾ ಹಳೆಯದು. 'ಸಿಂಹ' ಎಂಬ ಬಿರುದಿನ ಡ್ಯೂಕ್ ಹೈನ್ರಿಷ್ 1160ರ ಸುಮಾರಿಗೆ ಶುರುಮಾಡಿಸಿದ ಚರ್ಚು. ಸುತ್ತಮುತ್ತ ಕಲ್ಲುಗಣಿ ಇಲ್ಲದ್ದರಿಂದ ಕೆಂಪು ಇಟ್ಟಿಗೆ ಸುಟ್ಟು ಕಟ್ಟಿದ್ದಾರೆ. ಹೊರಗೆ ನಿಂತ ಸಿಂಹದ ಪ್ರತಿಮೆಯನ್ನು ಮಕ್ಕಳಿಗೆ ತೋರಿಸಿ. ಅದು ಬ್ರೌನ್‌ಶ್ವೈಗ್‌ನಲ್ಲಿರುವ ಮೂಲ ಸಿಂಹದ ನಕಲು. ಇನ್ನೊಂದು ತಮಾಷೆ: ಡೋಮ್ ಸುತ್ತಲಿನ ಜಾಗ 1937ರವರೆಗೂ ಪಕ್ಕದ ರಾಜ್ಯವಾದ ಮೆಕ್ಲೆನ್‌ಬುರ್ಗ್‌ಗೆ ಸೇರಿತ್ತು. ಒಂದೇ ದ್ವೀಪ, ಎರಡು ಸರ್ಕಾರ!

ಜರ್ಮನ್ ಬರಲ್ಲ ಅಂತ ಕುಗ್ಗುವವರಿಗೆ ಇಲ್ಲೊಬ್ಬ ಹಿರಿಯ ಜೊತೆಗಾರನಿದ್ದಾನೆ. ಇಂಗ್ಲಿಷ್ ಕವಿ ಕೋಲ್‌ರಿಜ್ 1798ರಲ್ಲಿ ಭಾಷೆ ಕಲಿಯಲೆಂದೇ ಬಂದು ಇಲ್ಲಿನ ಪಾದ್ರಿಯೊಬ್ಬರ ಮನೆಯಲ್ಲಿ ಉಳಿದಿದ್ದ. ಪಾದ್ರಿಯ ಜೊತೆ ನೆಲಮಾಳಿಗೆಯಿಂದ ಚಾವಣಿವರೆಗೆ ಓಡಾಡಿ, ಕಂಡ ಕಂಡ ವಸ್ತುವಿನ ಹೆಸರು ಕೇಳಿ ಕಲಿತ. ಆ್ಯಪ್‌ಗಿಂತ ಇದೇ ವಾಸಿ ಅಂತ ನನ್ನ ಅಭಿಪ್ರಾಯ. ಪಕ್ಕದ ಮನೆಯ ಅಜ್ಜಿ ಸಿಕ್ಕರೆ ನೀವೂ ಮಾಡಿನೋಡಿ.

ದಕ್ಷಿಣದ ಕ್ಯೂಷೆನ್‌ಜೇ ಸರೋವರದಲ್ಲಿ ಉದ್ದನೆಯ ದೋಣಿಗಳು ಓಡುವುದನ್ನು ಕಾಣುತ್ತೀರಿ. ಇಲ್ಲಿನ ಮೇಷ್ಟ್ರು ಕಾರ್ಲ್ ಆಡಂ ತರಬೇತಿ ಕೊಟ್ಟ ಎಂಟು ಜನರ ದೋಣಿ 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದಿತ್ತು. ಮಕ್ಕಳನ್ನು ನೀರಿನ ಹತ್ತಿರ ಬಿಡುವ ಮೊದಲು ಈಜು ಕಲಿಸಿ. ಚಳಿಗಾಲದಲ್ಲಿ ಯಾರೋ ನಡೆದರು ಅಂತ ಮಂಜುಗಡ್ಡೆ ಮೇಲೆ ಕಾಲಿಡಬೇಡಿ.

ಪೂರ್ವಕ್ಕೆ ಹೋದರೆ 1989ರವರೆಗೂ ಎರಡು ಜರ್ಮನಿಗಳ ಬೇಲಿ ಇತ್ತು. ಶ್ಲಾಗ್ಸ್‌ಡೋರ್ಫ್‌ನಲ್ಲಿ ಅದರದ್ದೇ ಮ್ಯೂಸಿಯಂ ಇದೆ. ಬೇಲಿ ಹೋದರೂ ಅಲ್ಲಿಂದಾಚೆ ರಾಜ್ಯ ಬೇರೆ, ಶಾಲೆ ರಜೆ ಬೇರೆ. ಮಾರ್ಚ್ 8ರ ಮಹಿಳಾ ದಿನ ಆಚೆ ಕಡೆ ಸಾರ್ವಜನಿಕ ರಜೆ, ನಮ್ಮ ಕಡೆ ಅಲ್ಲ. ಅವತ್ತು ಸಾಮಾನು ತರಲು ಆ ಕಡೆ ಹೋಗಬೇಡಿ.